ಗುರುತಿಸುವವರು ಯಾರು, ಪರೀಕ್ಷಿಸುವವರು ಯಾರು?
‘ಶಬ್ದ’ ಘಟಕದ ಬೋಧನಾಭ್ಯಾಸ ಮತ್ತು ಶಾಲಾ ವಾಕ್–ಶ್ರವಣ ತಜ್ಞರ ಅರ್ಹತೆ: ಒಂದು ಅಧ್ಯಯನ

ಪೀಠಿಕೆ

ಬಿ.ಎಡ್. ಪಠ್ಯಕ್ರಮದಲ್ಲಿ ನಾವೆಲ್ಲ ‘ಸಮನ್ವಯ ಶಿಕ್ಷಣ’ ಓದುತ್ತೇವೆ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ಗುರುತಿಸಿರುವ 21 ಬಗೆಯ ವೈಕಲ್ಯಗಳ ಪಟ್ಟಿಯನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಆದರೆ ತರಗತಿಯಲ್ಲಿ ಕಿವಿ ಸರಿಯಾಗಿ ಕೇಳದ, ಮಾತು ಸ್ಪಷ್ಟವಿಲ್ಲದ ಮಗು ಎದುರಾದಾಗ ಸಾಮಾನ್ಯ ಶಿಕ್ಷಕರ ಕೆಲಸ ಎಲ್ಲಿಗೆ ಮುಗಿಯುತ್ತದೆ, ತಜ್ಞರ ಕೆಲಸ ಎಲ್ಲಿಂದ ಶುರುವಾಗುತ್ತದೆ ಎಂಬುದು ಪುಸ್ತಕ ಓದಿದ ಮಾತ್ರಕ್ಕೆ ಹೊಳೆಯುವುದಿಲ್ಲ. ಮರಿಯಮ್ಮನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ಈ ಪ್ರಶ್ನೆ ನನಗೆ ಎದುರಾಯಿತು. 8ನೇ ತರಗತಿಯ ವಿಜ್ಞಾನದ ‘ಶಬ್ದ’ ಘಟಕವನ್ನು ಐದು ಅವಧಿಗಳಲ್ಲಿ ಬೋಧಿಸುತ್ತಾ ಮಾಡಿದ ಅವಲೋಕನ, ಶಾಲೆಗಳಲ್ಲಿ ವಾಕ್–ಶ್ರವಣ ಕ್ಷೇತ್ರದ ಕೆಲಸ ಮಾಡಲು ಬೇಕಾದ ಅರ್ಹತೆಗಳು, ಸಾಮಾನ್ಯ ಶಿಕ್ಷಕರು ಮಾಡಬಹುದಾದ ಕೆಲಸ, ಇವು ಈ ಲೇಖನದ ಮೂರು ಭಾಗಗಳು.

ಊರು ಮತ್ತು ತರಗತಿ

ಮರಿಯಮ್ಮನಹಳ್ಳಿ ಹೊಸಪೇಟೆ ತಾಲ್ಲೂಕಿನ ಹೆದ್ದಾರಿಯ ಊರು. ತುಂಗಭದ್ರಾ ಹಿನ್ನೀರು ಹತ್ತಿರದಲ್ಲಿದೆ. ನಾಟಕಕ್ಕೂ ಜೋಗತಿ ಕಲೆಗೂ ಊರು ಹೆಸರಾಗಿದೆ. ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರ ಊರು ಎಂದರೆ ನಾಡಿನವರೆಲ್ಲ ಗುರುತಿಸುತ್ತಾರೆ. ತರಗತಿಯಲ್ಲಿ ಕನ್ನಡ ಮನೆಮಾತಿನವರ ಜೊತೆ ತೆಲುಗು, ಲಂಬಾಣಿ, ಉರ್ದು ಮನೆಮಾತಿನ ಮಕ್ಕಳೂ ಇದ್ದರು. ಮಾತಿನ ತೊಂದರೆಯನ್ನು ಗುರುತಿಸುವಾಗ ಈ ಅಂಶ ಬಹಳ ಮುಖ್ಯವಾಗುತ್ತದೆ.

ಕೊಠಡಿಯ ಒಂದು ಬದಿಯ ಕಿಟಕಿಗಳು ರಸ್ತೆಗೆ ತೆರೆದುಕೊಂಡಿದ್ದವು. ನಾನು ನಿಲ್ಲುವ ಜಾಗದಿಂದ ಮೊದಲ ಬೆಂಚು ಸುಮಾರು ಒಂದೂವರೆ ಮೀಟರ್, ಕೊನೆಯ ಬೆಂಚು ಸುಮಾರು ಆರು ಮೀಟರ್. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಆ ಲೆಕ್ಕದಲ್ಲಿ ಮೊದಲ ಬೆಂಚಿಗಿಂತ ಕೊನೆಯ ಬೆಂಚಿಗೆ 12 ಡೆಸಿಬೆಲ್ ಕಡಿಮೆ. ಗೋಡೆಗಳ ಪ್ರತಿಫಲನದಿಂದ ಕೋಣೆಯೊಳಗೆ ಇಳಿಕೆ ಇಷ್ಟು ತೀಕ್ಷ್ಣವಾಗಿರುವುದಿಲ್ಲ. ಆದರೆ ಅದೇ ಪ್ರತಿಫಲನ ಮಾತಿನ ಅಕ್ಷರಗಳನ್ನು ಒಂದರ ಮೇಲೊಂದು ಕಲಸಿಬಿಡುತ್ತದೆ. ಹೊರಗೆ ಭಾರದ ಲಾರಿ ಹಾದುಹೋದರೆ ಕಿವಿ ಚೆನ್ನಾಗಿರುವ ಮಕ್ಕಳೂ “ಏನ್ರೀ ಮೇಡಂ?” ಎಂದು ಕೇಳುತ್ತಿದ್ದರು. ಕೇಳಲಾಗದವರು ಆ ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಇಬ್ಬರು ಮಕ್ಕಳ ಮೇಲೆ ನನ್ನ ಗಮನ ಹೆಚ್ಚು ಹರಿಯಿತು. ಒಬ್ಬಳು ವಿದ್ಯಾರ್ಥಿನಿಗೆ ಶ್ರವಣದೋಷವಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯುಡಿಐಡಿ ಕಾರ್ಡ್ ಇತ್ತು, ಶ್ರವಣ ಸಾಧನವೂ ಇತ್ತು. ಆದರೆ ‘ಕಿವಿ ಮಿಷನ್’ ಹೆಚ್ಚಿನ ದಿನ ಚೀಲದೊಳಗೇ ಉಳಿಯುತ್ತಿತ್ತು. ಇನ್ನೊಬ್ಬ ವಿದ್ಯಾರ್ಥಿಯ ವಿಷಯದಲ್ಲಿ ಯಾವ ಕಾಗದವೂ ಇರಲಿಲ್ಲ. ಕೊನೆಯ ಬೆಂಚು, ಮೌನ, ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ. ಓದಿನಲ್ಲಿ ಹಿಂದೆ ಎಂದು ಅವನ ಹೆಸರಿನ ಮುಂದೆ ಎಲ್ಲರೂ ಮನಸ್ಸಿನಲ್ಲೇ ಬರೆದುಕೊಂಡಿದ್ದರು.

ಉಕ್ತಲೇಖನದ ಅವಲೋಕನ

ಘಟಕದ ಎರಡನೇ ಅವಧಿಯಲ್ಲಿ ಹತ್ತು ಪದಗಳ ಉಕ್ತಲೇಖನ ಕೊಟ್ಟೆ. ಶಬ್ದ, ಧ್ವನಿ, ಕಂಪನ, ಪಾರ, ಆವೃತ್ತಿ ಮುಂತಾದ ಘಟಕದ ಪದಗಳ ಜೊತೆ ತಾಳ, ಕಾಸು, ಪಾತ್ರೆ ಮುಂತಾದ ದಿನಬಳಕೆಯ ಪದಗಳಿದ್ದವು. ಉದ್ದೇಶ ಪದಗಳ ಪರಿಚಯ ಅಷ್ಟೇ. ಆದರೆ ಮಾರ್ಗದರ್ಶಕ ಶಿಕ್ಷಕರೊಂದಿಗೆ ಹಾಳೆಗಳನ್ನು ನೋಡುವಾಗ ತಪ್ಪುಗಳು ಒಂದೇ ಜಾತಿಯವಲ್ಲ ಎಂಬುದು ಸ್ಪಷ್ಟವಾಯಿತು. ಅವುಗಳನ್ನು ಮೂರು ಗುಂಪು ಮಾಡಿದೆವು.

1. ಆಡುಮಾತಿನ ತಪ್ಪುಗಳು: ‘ಧ್ವನಿ’ಯನ್ನು ‘ದ್ವನಿ’ ಎಂದೂ ‘ಶಬ್ದ’ವನ್ನು ‘ಸಬ್ದ’ ಎಂದೂ ಹಲವರು ಬರೆದಿದ್ದರು. ನಮ್ಮ ಕಡೆ ಶಾಲೆಗೆ ‘ಸಾಲಿ’ ಎನ್ನುತ್ತೇವೆ. ಮಹಾಪ್ರಾಣ ಮಾತಿನಲ್ಲಿ ಉಳಿಯುವುದೇ ಅಪರೂಪ. ಇದು ಕಿವಿಯ ದೋಷವೂ ಅಲ್ಲ, ನಾಲಿಗೆಯ ದೋಷವೂ ಅಲ್ಲ.

2. ಮನೆಮಾತಿನ ಪ್ರಭಾವ: ಉರ್ದು ಮನೆಮಾತಿನ ಕೆಲವರು ‘ತಾಳ’ವನ್ನು ‘ತಾಲ’ ಎಂದು ಬರೆದಿದ್ದರು. ಉರ್ದುವಿನಲ್ಲಿ ‘ಳ’ ಇಲ್ಲ. ಇದೂ ದೋಷವಲ್ಲ, ಎರಡು ಭಾಷೆಗಳ ನಡುವಿನ ವ್ಯತ್ಯಾಸ.

3. ಬೇರೆ ಬಗೆಯ ತಪ್ಪುಗಳು: ಕೊನೆಯ ಬೆಂಚಿನ ಹುಡುಗ ‘ಪಾರ’ಕ್ಕೆ ‘ತಾರ’, ‘ಪಾತ್ರೆ’ಗೆ ‘ಕಾತ್ರೆ’, ‘ಕಾಸು’ಗೆ ‘ಕಾಹು’ ಎಂದು ಬರೆದಿದ್ದ. ಸ್ವರಗಳು ಸರಿಯಾಗಿದ್ದವು, ವ್ಯಂಜನಗಳು ಮಾತ್ರ ಬದಲಾಗಿದ್ದವು. ಆಡುಮಾತಿನಿಂದಾಗಲಿ ಮನೆಮಾತಿನಿಂದಾಗಲಿ ಇದನ್ನು ವಿವರಿಸಲಾಗುವುದಿಲ್ಲ.

ಮೂರನೆಯ ಗುಂಪಿಗೆ ಭೌತಶಾಸ್ತ್ರದಲ್ಲಿ ಉತ್ತರವಿದೆ. ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಗಳಿಗೆ ಶಕ್ತಿ ಹೆಚ್ಚು. ಪ, ತ, ಕ, ಸ ಮುಂತಾದ ಅಘೋಷ ವ್ಯಂಜನಗಳಿಗೆ ಶಕ್ತಿ ಬಹಳ ಕಡಿಮೆ. ‘ಸ’ದಂಥವು ಹೆಚ್ಚಿನ ಆವೃತ್ತಿಯಲ್ಲಿರುತ್ತವೆ. ಶ್ರವಣ ಸ್ವಲ್ಪ ಕುಗ್ಗಿದರೂ ಮೊದಲು ಕೈಬಿಡುವುದು ಈ ವ್ಯಂಜನಗಳೇ. ಮಗುವಿಗೆ ಶಿಕ್ಷಕರ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ಆದ್ದರಿಂದ ‘ಕಿವಿ ಚೆನ್ನಾಗೇ ಕೇಳುತ್ತೆ, ಗಮನ ಕೊಡಲ್ಲ ಅಷ್ಟೆ’ ಎಂಬ ತೀರ್ಮಾನಕ್ಕೆ ನಾವು ಬರುತ್ತೇವೆ.

ಮರುದಿನ ಅವನೊಬ್ಬನೇ ಇರುವಾಗ ಬೇರೆ ಹತ್ತು ಪದಗಳನ್ನು ಹೇಳಿದೆ. ಎದುರು ನಿಂತು ತುಟಿ ಕಾಣುವಂತೆ ಹೇಳಿದ ಐದರಲ್ಲಿ ತಪ್ಪು ಕಡಿಮೆ, ಬೆನ್ನ ಹಿಂದೆ ನಿಂತು ಹೇಳಿದ ಐದರಲ್ಲಿ ಹೆಚ್ಚು. ಕಿವಿ ಬಿಟ್ಟದ್ದನ್ನು ಅವನು ಕಣ್ಣಿನಿಂದ ತುಂಬಿಸಿಕೊಳ್ಳುತ್ತಿದ್ದ. ಮಾತಿಗೆ ಮಾತು ಬಂದಾಗ ಮಳೆಗಾಲದಲ್ಲಿ ಕಿವಿ ಸೋರುತ್ತದೆ, ಮನೆಯಲ್ಲಿ ಬಿಸಿ ಎಣ್ಣೆ ಬಿಡುತ್ತಾರೆ ಎಂದು ಹೇಳಿದ.

ಇಷ್ಟಕ್ಕೆ ಅವನಿಗೆ ಇಂಥ ತೊಂದರೆ ಇದೆ ಎಂದು ಹೇಳುವ ಅಧಿಕಾರ ನನಗಿಲ್ಲ. ಹತ್ತು ಪದಗಳ ಉಕ್ತಲೇಖನ ಶ್ರವಣ ಪರೀಕ್ಷೆಯಲ್ಲ. ಆದರೆ ಮುಂದಿನವರಿಗೆ ಕಳಿಸಲು ಇದು ಸಾಕಷ್ಟು ಕಾರಣ. ಮಾರ್ಗದರ್ಶಕ ಶಿಕ್ಷಕರು, ಮುಖ್ಯ ಶಿಕ್ಷಕರ ಮೂಲಕ ಪೋಷಕರಿಗೆ ವಿಷಯ ತಿಳಿಸಲಾಯಿತು. ಎಣ್ಣೆ ಬಿಡುವುದನ್ನು ನಿಲ್ಲಿಸಿ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಲು ಹೇಳಿದೆವು. ಒಂದು ದಿನದ ಕೂಲಿ ಬಿಟ್ಟು ತಂದೆ ಮಗನನ್ನು ಕರೆದೊಯ್ದರು. ವೈದ್ಯರು ನಡುಗಿವಿಯ ಸೋಂಕಿಗೆ ಔಷಧ ಶುರು ಮಾಡಿ, ಸೋರುವುದು ನಿಂತ ಮೇಲೆ ಶ್ರವಣ ಪರೀಕ್ಷೆ ಮಾಡಿಸಲು ಬರೆದುಕೊಟ್ಟರು. ಮಕ್ಕಳಲ್ಲಿ ನಡುಗಿವಿಯ ಸೋಂಕಿನಿಂದ ಬರುವ ಶ್ರವಣ ನಷ್ಟ ಹೆಚ್ಚಾಗಿ ಚಿಕಿತ್ಸೆಗೆ ಬಗ್ಗುವಂಥದ್ದು. ಹಾಗೇ ಬಿಟ್ಟರೆ ಕಿವಿಯೂ ಹೋಗುತ್ತದೆ, ಓದಿನ ವರ್ಷಗಳೂ ಹೋಗುತ್ತವೆ.

ಪೋಷಕರ ಪ್ರಶ್ನೆ

ಶ್ರವಣ ಸಾಧನವಿರುವ ವಿದ್ಯಾರ್ಥಿನಿಯ ತಾಯಿ ಶಾಲೆಗೆ ಬಂದಾಗ ನನ್ನನ್ನು ಕೇಳಿದ್ದು ಇದು: “ಮೇಡಂ, ಸಂಜೀಗೆ ಒಂದು ತಾಸು ಕುಂದರಿಸಿಕೊಂಡು ಇವಳಿಗೆ ಮಾತು ಕಲಿಸ್ರಿ. ಟ್ಯೂಷನ್ ಫೀಜು ಕೊಡ್ತೀವಿ.”

ಲೆಕ್ಕ, ವಿಜ್ಞಾನ ಹೇಳಿಕೊಡುವವರು ಮಾತನ್ನೂ ಹೇಳಿಕೊಡಬಹುದು ಎಂದು ತಾಯಿಗೆ ಅನ್ನಿಸುವುದು ಸಹಜ. ನಾನು ಒಪ್ಪಿಕೊಳ್ಳಲಿಲ್ಲ. ಪಾಠದ ಸಂದೇಹಗಳನ್ನು ಶಾಲೆಯಲ್ಲೇ ಹೇಳಿಕೊಡುತ್ತೇನೆ, ಮಾತಿನ ತರಬೇತಿಗೆ ಓದಿ ನೋಂದಣಿ ಮಾಡಿಸಿಕೊಂಡವರೇ ಬೇಕು ಎಂದೆ. ಹಾಗಾದರೆ ಅವರು ಎಲ್ಲಿದ್ದಾರೆ ಎಂಬ ಅವರ ಮುಂದಿನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಮುಂದಿನ ಭಾಗ ಸಿದ್ಧವಾಯಿತು.

ಅರ್ಹತೆಯ ದಾರಿಗಳು

ನಮ್ಮ ದೇಶದಲ್ಲಿ ‘ಶಾಲಾ ವಾಕ್ ತಜ್ಞ’ ಎಂಬ ಪ್ರತ್ಯೇಕ ಪರವಾನಗಿ ಇಲ್ಲ. ಆಸ್ಪತ್ರೆಯಾಗಲಿ ಶಾಲೆಯಾಗಲಿ, ವಾಕ್–ಶ್ರವಣ ತಜ್ಞರಿಗೂ ವಿಶೇಷ ಶಿಕ್ಷಕರಿಗೂ ಆಧಾರ ಒಂದೇ: ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ, ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕು. ಆರ್‌ಸಿಐ ಕಾಯ್ದೆ 1992ರದು. ಪರಿಷತ್ತು ಶಾಸನಬದ್ಧವಾದದ್ದು 1993ರಲ್ಲಿ. ನೋಂದಣಿಯಿಲ್ಲದೆ ಈ ವೃತ್ತಿ ನಡೆಸಿದರೆ ಕಾಯ್ದೆಯ 13ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಶಾಲೆಗೆ ಸಂಬಂಧಿಸಿದ ಮುಖ್ಯ ದಾರಿಗಳು ಇವು.

ಬಿಎಎಸ್‌ಎಲ್‌ಪಿ: ಶ್ರವಣ ವಿಜ್ಞಾನ ಮತ್ತು ವಾಕ್–ಭಾಷಾ ದೋಷಗಳ ಪದವಿ. ಪಿಯುಸಿ ವಿಜ್ಞಾನದ ನಂತರ ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ನಾಲ್ಕು ವರ್ಷ. ಶ್ರವಣ ಪರೀಕ್ಷೆ ಮಾಡಿ ಆಡಿಯೋಗ್ರಾಮ್ ಬರೆಯುವುದು, ಶ್ರವಣ ಸಾಧನ ಹೊಂದಿಸುವುದು, ವಾಕ್ ಚಿಕಿತ್ಸೆ ಕೊಡುವುದು ಈ ಪದವೀಧರರ ಕೆಲಸ. ಮುಂದೆ ಶ್ರವಣ ವಿಜ್ಞಾನ ಅಥವಾ ವಾಕ್–ಭಾಷಾ ದೋಷ ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಈ ಓದಿಗೆ ದೇಶದ ಮೊದಲ ಸಂಸ್ಥೆಗಳಲ್ಲಿ ಒಂದು. ಕನ್ನಡ ಮಕ್ಕಳ ಉಚ್ಚಾರಣೆಯನ್ನು ಅಳೆಯುವ ‘ಕನ್ನಡ ಉಚ್ಚಾರಣಾ ಪರೀಕ್ಷೆ’ 1972ರಲ್ಲಿ ರೂಪುಗೊಂಡಿತು. ಭಾಷೆಯ ಸಹಜ ವ್ಯತ್ಯಾಸವನ್ನು ದೋಷ ಎಂದು ಬಗೆಯದಿರಲು ಆಯಾ ಭಾಷೆಯದೇ ಪರೀಕ್ಷೆ ಬೇಕು.

ಬಿ.ಎಡ್. ವಿಶೇಷ ಶಿಕ್ಷಣ (ಶ್ರವಣದೋಷ): ಯಾವುದೇ ಪದವಿಯ ನಂತರ ಎರಡು ವರ್ಷ. ಶ್ರವಣದೋಷವಿರುವ ಮಕ್ಕಳಿಗೆ ಭಾಷೆ ಮತ್ತು ಪಠ್ಯ ಕಲಿಸುವುದು, ವೈಯಕ್ತಿಕ ಶಿಕ್ಷಣ ಯೋಜನೆ ತಯಾರಿಸುವುದು ಇವರ ಕೆಲಸ. ರೋಗನಿರ್ಣಯ ಇವರ ವ್ಯಾಪ್ತಿಯಲ್ಲಿಲ್ಲ.

ಡಿ.ಎಡ್. ವಿಶೇಷ ಶಿಕ್ಷಣ (ಶ್ರವಣದೋಷ): ಪಿಯುಸಿ ನಂತರ ಎರಡು ವರ್ಷ. ಪ್ರಾಥಮಿಕ ಹಂತಕ್ಕೆ.

ಡಿಎಚ್‌ಎಲ್‌ಎಸ್: ಶ್ರವಣ, ಭಾಷೆ ಮತ್ತು ಮಾತಿನ ಡಿಪ್ಲೊಮಾ. ಪಿಯುಸಿ ನಂತರ ಒಂದು ವರ್ಷ. ತಜ್ಞರ ಮೇಲ್ವಿಚಾರಣೆಯಲ್ಲಿ ಸಹಾಯಕರಾಗಿ ಕೆಲಸ.

ಇವುಗಳ ಜೊತೆ ಭಾರತೀಯ ಸಂಜ್ಞಾ ಭಾಷೆಯ ಕೋರ್ಸುಗಳನ್ನೂ ಮರೆಯಬಾರದು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿಗೆಂದೇ ಕೇಂದ್ರ ಸ್ಥಾಪನೆಯಾಯಿತು. ಮಾತು ಬರದ ಮಗುವಿಗೆ ಭಾಷೆ ಬರಬಾರದು ಎಂದೇನಿಲ್ಲ. ಸಂಜ್ಞೆಯೂ ಪೂರ್ಣ ಭಾಷೆಯೇ. ‘ಮಾತು ಕಲಿಸಿ’ ಎನ್ನುವ ಪೋಷಕರಿಗೆ ಈ ವಿಷಯವನ್ನೂ ತಿಳಿಸುವವರು ಬೇಕು.

ನಮ್ಮಂಥ ಬಿ.ಎಸ್‌ಸಿ., ಬಿ.ಎಡ್. ವಿದ್ಯಾರ್ಥಿಗಳು ಎರಡು ಅಂಶ ಗಮನಿಸಬೇಕು. ಒಂದು, ಸಾಮಾನ್ಯ ಬಿ.ಎಡ್. ಪದವಿಯಿಂದ ಆರ್‌ಸಿಐ ನೋಂದಣಿ ಸಿಗುವುದಿಲ್ಲ. ಎರಡು, ಭೌತಶಾಸ್ತ್ರದ ಪದವಿಯಿದ್ದರೂ ಶ್ರವಣ ವಿಜ್ಞಾನದ ಎಂ.ಎಸ್‌ಸಿ.ಗೆ ನೇರ ಪ್ರವೇಶವಿಲ್ಲ. ಬಿಎಎಸ್‌ಎಲ್‌ಪಿ ಮೊದಲಿಂದ ಓದಬೇಕು. ನಮಗೆ ಹತ್ತಿರದ ದಾರಿ ವಿಶೇಷ ಶಿಕ್ಷಣದ್ದು. ಸೇರುವ ಮುನ್ನ ಕಾಲೇಜಿನ ಜಾಹೀರಾತನ್ನು ನಂಬದೆ, ಆ ಕಾಲೇಜಿನ ಆ ಕೋರ್ಸಿಗೆ ಆ ವರ್ಷ ಆರ್‌ಸಿಐ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಬೇಕು. ಮಾನ್ಯತೆಯಿಲ್ಲದ ಕೋರ್ಸು ಮುಗಿಸಿದರೆ ನೋಂದಣಿಯಾಗದು. ನೋಂದಣಿಯಾದ ಮೇಲೂ ಕಾಲಕಾಲಕ್ಕೆ ಮುಂದುವರಿದ ಪುನರ್ವಸತಿ ಶಿಕ್ಷಣದ ತರಬೇತಿಗಳಲ್ಲಿ ಭಾಗವಹಿಸಿ ನವೀಕರಿಸಿಕೊಳ್ಳಬೇಕು.

ಶಾಲೆಯವರೆಗೆ ಬರುವವರು ಯಾರು?

ಅಮೆರಿಕದಲ್ಲಿ 1975ರ ಶಿಕ್ಷಣ ಕಾಯ್ದೆಯ ನಂತರ ವಾಕ್ ಚಿಕಿತ್ಸೆ ಸಾರ್ವಜನಿಕ ಶಾಲೆಗಳ ಸೇವೆಗಳಲ್ಲೇ ಸೇರಿತು. ಹೀಗಾಗಿ ವಾಕ್ ತಜ್ಞರಲ್ಲಿ ಬಹಳ ಮಂದಿ ಶಾಲೆಗಳಲ್ಲೇ ಕೆಲಸ ಮಾಡುತ್ತಾರೆ. ನಮ್ಮಲ್ಲಿ ಸರ್ಕಾರಿ ಶಾಲೆಗೊಬ್ಬರು ಎಂಬ ವ್ಯವಸ್ಥೆಯಿಲ್ಲ. ಕರ್ನಾಟಕದಲ್ಲಿ ಸಮಗ್ರ ಶಿಕ್ಷಣದಡಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಇರುತ್ತಾರೆ. ಇವರು ವಿಶೇಷ ಶಿಕ್ಷಣ ಓದಿದವರು. ಒಂದು ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತುವುದು, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ ನೋಡುವುದು, ವೈದ್ಯಕೀಯ ತಪಾಸಣಾ ಶಿಬಿರಗಳಿಗೆ ಮಕ್ಕಳನ್ನು ಕರೆತರುವುದು ಇವರ ಹೆಗಲ ಮೇಲಿದೆ. ವಿಶೇಷ ಶಿಕ್ಷಕರ ಹುದ್ದೆಗಳ ಬಗ್ಗೆ ಸುಪ್ರೀಂ ಕೋರ್ಟು 2021ರ ಅಕ್ಟೋಬರ್‌ನಲ್ಲಿ ನಿರ್ದೇಶನ ಕೊಟ್ಟ ನಂತರ, ಕೇಂದ್ರ ಸರ್ಕಾರ 2022ರಲ್ಲಿ ಪ್ರಾಥಮಿಕ ಹಂತದಲ್ಲಿ 10, ಹಿರಿಯ ಪ್ರಾಥಮಿಕ ಹಂತದಲ್ಲಿ 15 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಅನುಪಾತವನ್ನು ಗೊತ್ತುಪಡಿಸಿತು.

ಆರೋಗ್ಯ ಇಲಾಖೆಯ ಕಡೆಯಿಂದ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದೆ. ಅದು ತಪಾಸಣೆ ಮಾಡುವ ತೊಂದರೆಗಳಲ್ಲಿ ಶ್ರವಣದೋಷವೂ ಸೇರಿದೆ. ಆದರೆ ವರ್ಷಕ್ಕೊಮ್ಮೆ ಬರುವ ತಂಡಕ್ಕೆ ಪ್ರತಿ ಮಗುವಿಗೂ ಕೊಡಲು ಸಿಗುವುದು ಕೆಲವೇ ನಿಮಿಷ. ‘ಕಾಸು’ ಎಂದದ್ದನ್ನು ‘ಕಾಹು’ ಎಂದು ಬರೆಯುವ ಮಗುವನ್ನು ವರ್ಷವಿಡೀ ನೋಡುವವರು ತರಗತಿಯ ಶಿಕ್ಷಕರೇ.

ಎರಡು ಪ್ರಮಾಣಪತ್ರಗಳ ನಡುವಿನ ಮಗು

2016ರ ಅಧಿನಿಯಮದ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಆವೃತ್ತಿಗಳಲ್ಲಿ 70 ಡೆಸಿಬೆಲ್ ಶ್ರವಣ ನಷ್ಟವಿದ್ದರೆ ಕಿವುಡು, 60ರಿಂದ 70 ಡೆಸಿಬೆಲ್ ಇದ್ದರೆ ಮಂದ ಶ್ರವಣ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಶ್ರವಣ ವರದಿಯ ವರ್ಗೀಕರಣದಲ್ಲಿ ಶ್ರವಣ ನಷ್ಟ 20 ಡೆಸಿಬೆಲ್‌ನಿಂದಲೇ ಶುರು. ಅಂದರೆ 40 ಡೆಸಿಬೆಲ್ ನಷ್ಟವಿರುವ ಮಗುವಿಗೆ ತೊಂದರೆ ಇದೆ, ಕಾನೂನಿನ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರವಿಲ್ಲದ ಮಗು ವಿಶೇಷ ಅಗತ್ಯದ ಮಕ್ಕಳ ಪಟ್ಟಿಗೆ ಬರುವುದು ಕಷ್ಟ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೆಚ್ಚುವರಿ ಸಮಯದಂಥ ಸೌಲಭ್ಯವೂ ಅದಕ್ಕಿಲ್ಲ. ಶಾಲೆಗೆ ಬರುವ ತಜ್ಞರ ಕಣ್ಣಿಗೂ ಅದು ಬೀಳುವುದಿಲ್ಲ.

ಈ ಅಧ್ಯಯನದಿಂದ ನಾನು ಕಂಡುಕೊಂಡ ಮುಖ್ಯ ಅಂಶ ಇದೇ. ತಜ್ಞರಿಗೆ ನೋಂದಣಿ ಪತ್ರ ಬೇಕು, ಅದರಲ್ಲಿ ರಾಜಿಯಿಲ್ಲ. ಆದರೆ ಮಗುವಿನ ಪ್ರಮಾಣಪತ್ರಕ್ಕೂ ತಜ್ಞರ ನೋಂದಣಿ ಪತ್ರಕ್ಕೂ ನಡುವೆ ಉಳಿಯುವ ಮಕ್ಕಳಿಗೆ ಸಾಮಾನ್ಯ ಶಿಕ್ಷಕರ ಹೊರತು ಬೇರೆಯವರಿಲ್ಲ. ತಜ್ಞರ ಕೆಲಸವನ್ನು ನಾವು ಮಾಡಬಾರದು. ನಮ್ಮ ಕೆಲಸವನ್ನು ತಜ್ಞರು ಬರಲಿ ಎಂದು ಕಾಯಿಸಲೂಬಾರದು.

ಪಾಠಯೋಜನೆಯಲ್ಲಿ ಮಾಡಿದ ಬದಲಾವಣೆಗಳು

ಉಳಿದ ಮೂರು ಅವಧಿಗಳಿಗೆ ಪಾಠಯೋಜನೆಯನ್ನು ಹೀಗೆ ಹೊಂದಿಸಿದೆ.

‘ಕಂಪನದಿಂದ ಶಬ್ದ’ ಎಂಬ ಕಲಿಕಾಂಶಕ್ಕೆ ಕೇಳಿಸುವ ಚಟುವಟಿಕೆಗಳಿಗಿಂತ ಮುಟ್ಟುವ, ನೋಡುವ ಚಟುವಟಿಕೆಗಳನ್ನು ಮುಂದಿಟ್ಟೆ. ಊದಿದ ಬಲೂನನ್ನು ಎರಡು ಅಂಗೈಗಳ ನಡುವೆ ಹಿಡಿದು, ಎದುರಿನ ಮಗು ಅದರ ಹತ್ತಿರ ‘ಊ’ ಎಂದರೆ ಅಂಗೈಗೆ ನಡುಕ ತಿಳಿಯುತ್ತದೆ. ಮಕ್ಕಳಲ್ಲೊಬ್ಬರು ಮನೆಯಿಂದ ಚೌಡಿಕೆ ತಂದಿದ್ದರು. ತಂತಿ ಮೀಟಿದಾಗ ಅದರ ಮೈಗೆ ಬೆರಳು ತಾಗಿಸಿ ಎಲ್ಲರೂ ಕಂಪನವನ್ನು ಅನುಭವಿಸಿದರು. ತಂತಿ ಬಿಗಿಯಾದಂತೆ ಸ್ಥಾಯಿ ಏರುವುದನ್ನು ಶ್ರವಣದೋಷವಿರುವ ವಿದ್ಯಾರ್ಥಿನಿ ಬೆರಳಿನಿಂದ ಗುರುತಿಸಲು ಯತ್ನಿಸಿ, ‘ಜೋರು’ ಬೇರೆ, ‘ಏರು’ ಬೇರೆ ಎಂದು ಬರೆದು ತೋರಿಸಿದಳು. ಪಾರ ಮತ್ತು ಆವೃತ್ತಿಯ ವ್ಯತ್ಯಾಸವನ್ನು ತರಗತಿಯಲ್ಲಿ ಮೊದಲು ಹೇಳಿದ್ದು ಅವಳೇ.

ಕಪ್ಪುಹಲಗೆಯತ್ತ ಮುಖ ಮಾಡಿ ಮಾತಾಡುವುದನ್ನು ಬಿಟ್ಟೆ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತು. ನಾಟಕದ ಊರಿನ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭವಾಯಿತು: ರಂಗದ ಮೇಲಿನವರು ಪ್ರೇಕ್ಷಕರಿಗೆ ಬೆನ್ನು ಹಾಕಿ ಸಂಭಾಷಣೆ ಹೇಳುವುದಿಲ್ಲ, ಮುಖದ ಮೇಲೆ ಬೆಳಕಿಲ್ಲದೆ ನಿಲ್ಲುವುದಿಲ್ಲ. ಕೂಗುವುದರಿಂದ ಪ್ರಯೋಜನವಿಲ್ಲ, ಕೂಗಿದಾಗ ಸ್ವರಗಳು ಹಿಗ್ಗುತ್ತವೆ, ವ್ಯಂಜನಗಳು ಅಲ್ಲೇ ಉಳಿಯುತ್ತವೆ.

ಇಬ್ಬರನ್ನೂ ರಸ್ತೆಯ ಕಿಟಕಿಯಿಂದ ದೂರದ ಬದಿಯ ಎರಡನೇ ಬೆಂಚಿಗೆ ತಂದೆವು. ಮೊದಲ ಬೆಂಚಾದರೆ ಬೇರೆ ಮಕ್ಕಳು ಉತ್ತರ ಹೇಳುವಾಗ ಅವರ ಮುಖ ಕಾಣುವುದಿಲ್ಲ. ಅವರಿಬ್ಬರನ್ನೇ ಎಬ್ಬಿಸಿ ಕೂರಿಸಿದರೆ ಎಲ್ಲರ ಕಣ್ಣು ಅವರ ಮೇಲಾಗುತ್ತದೆ ಎಂದು ಇಡೀ ತರಗತಿಯ ಕೂರುವ ಕ್ರಮವನ್ನೇ ಬದಲಿಸಿದೆವು.

ಶ್ರವಣ ಸಾಧನ ಚೀಲದಿಂದ ಹೊರಬರಲು ಎರಡು ಅಡ್ಡಿಗಳಿದ್ದವು: ಬ್ಯಾಟರಿ ಮುಗಿದಿತ್ತು, ಗೆಳತಿಯರು ನಗುತ್ತಾರೆಂಬ ಅಳುಕಿತ್ತು. ಮೊದಲನೆಯದನ್ನು ತಾಯಿ ಸರಿಪಡಿಸಿದರು. ಎರಡನೆಯದಕ್ಕೆ ಘಟಕದಲ್ಲೇ ಜಾಗವಿತ್ತು. ಮೈಕ್, ವರ್ಧಕ, ಸ್ಪೀಕರ್ ಇವು ಮೂರು ಸೇರಿದರೆ ಶ್ರವಣ ಸಾಧನದ ತತ್ವ ಎಂದು ಚಿತ್ರ ಬರೆದು ವಿವರಿಸಿದೆ. ಕನ್ನಡಕದಂತೆ ಇದೂ ಒಂದು ಉಪಕರಣ ಎಂಬಲ್ಲಿಗೆ ಚರ್ಚೆ ಬಂದು ನಿಂತಿತು. ಆಮೇಲೆ ಪ್ರತಿದಿನ ಪ್ರಾರ್ಥನೆಯ ನಂತರ ಲಿಂಗ್ ಅವರ ಆರು ಧ್ವನಿಗಳ ಪರೀಕ್ಷೆ ಮಾಡಿದೆ. ಆ, ಈ, ಊ, ಮ್, ಶ್, ಸ್ ಧ್ವನಿಗಳನ್ನು ಕ್ರಮ ಬದಲಿಸುತ್ತಾ, ಬಾಯಿ ಕಾಣದಂತೆ, ಸಾಮಾನ್ಯ ದನಿಯಲ್ಲಿ ಹೇಳುವುದು. ಮಗು ಕೇಳಿದ್ದನ್ನು ತಿರುಗಿ ಹೇಳುವುದು. ಎರಡು ನಿಮಿಷ ಸಾಕು. ನಿನ್ನೆ ಕೇಳಿದ್ದು ಇಂದು ಕೇಳದಿದ್ದರೆ ಬ್ಯಾಟರಿ, ಕಿವಿಯ ಅಚ್ಚು, ಶೀತ ಇವುಗಳಲ್ಲಿ ಒಂದನ್ನು ನೋಡಬೇಕೆಂದು ಅರ್ಥ. ಇದು ಸಾಧನದ ತಪಾಸಣೆ ಮಾತ್ರ, ಕಿವಿಯ ಪರೀಕ್ಷೆಯಲ್ಲ.

ಪ್ರಶಿಕ್ಷಣಾರ್ಥಿಗಳಿಗೂ ಪ್ರಶಿಕ್ಷಕರಿಗೂ ಸಲಹೆಗಳು

1. ಬೋಧನಾಭ್ಯಾಸದ ಮೊದಲ ವಾರದಲ್ಲೇ ಒಂದು ಉಕ್ತಲೇಖನ ಕೊಟ್ಟು ತಪ್ಪುಗಳನ್ನು ಎಣಿಸುವ ಬದಲು ವಿಂಗಡಿಸಿ. ಸ್ವರ ಸರಿ, ವ್ಯಂಜನ ತಪ್ಪು ಎಂಬ ಕ್ರಮ ಮರುಕಳಿಸಿದರೆ ಬರೆದಿಡಿ.

2. ಊರಿನ ಆಡುಮಾತನ್ನೂ ಮಕ್ಕಳ ಮನೆಮಾತನ್ನೂ ಮೊದಲು ತಿಳಿದುಕೊಳ್ಳಿ. ಇಲ್ಲವಾದರೆ ಅರ್ಧ ತರಗತಿಗೆ ಮಾತಿನ ದೋಷವಿದೆ ಎನ್ನಿಸುತ್ತದೆ. ನಿಜವಾದ ತೊಂದರೆಯಿರುವ ಮಗು ಆ ಗುಂಪಿನಲ್ಲಿ ಕಳೆದುಹೋಗುತ್ತದೆ.

3. ‘ಕಿವುಡು’, ‘ಮಂದ’ ಎಂಬ ಪದಗಳನ್ನು ದಾಖಲೆಯಲ್ಲಿ ಬಳಸಬೇಡಿ. ಕಂಡದ್ದನ್ನು ಮಾತ್ರ ಬರೆಯಿರಿ: ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಕಿವಿ ಸೋರುತ್ತದೆ, ತುಟಿ ನೋಡುತ್ತಾನೆ. ವೈದ್ಯರಿಗೂ ಬಿಐಇಆರ್‌ಟಿಗೂ ಉಪಯೋಗವಾಗುವುದು ಅದೇ.

4. ಹಣ ಪಡೆದಾಗಲಿ, ಸೇವೆಯೆಂದಾಗಲಿ ವಾಕ್ ಚಿಕಿತ್ಸೆಗೆ ಕೈಹಾಕಬೇಡಿ. ಪೋಷಕರಿಗೆ ‘ನನಗೆ ಬರುವುದಿಲ್ಲ’ ಎಂದಷ್ಟೇ ಹೇಳಿ ಕಳಿಸಬೇಡಿ. ಎಲ್ಲಿಗೆ, ಯಾವ ವಾರ, ಯಾವ ಕಾಗದಗಳೊಂದಿಗೆ ಹೋಗಬೇಕು ಎಂದು ಬರೆದುಕೊಡಿ.

5. ಸಮನ್ವಯ ಶಿಕ್ಷಣದ ಪತ್ರಿಕೆಯ ಭಾಗವಾಗಿ ಬ್ಲಾಕಿನ ಬಿಐಇಆರ್‌ಟಿಯವರೊಂದಿಗೆ ಒಂದು ದಿನ ಶಾಲೆಗಳಿಗೆ ಹೋಗಿಬರುವ ಕಾರ್ಯಯೋಜನೆಯನ್ನು ಕಾಲೇಜು ಕೊಟ್ಟರೆ, ವಿಶೇಷ ಶಿಕ್ಷಣದ ಕಡೆ ಹೋಗಬೇಕೆನ್ನುವವರಿಗೆ ಆ ಕೆಲಸ ಹೇಗಿರುತ್ತದೆ ಎಂಬುದು ಅರ್ಜಿ ಹಾಕುವ ಮೊದಲೇ ತಿಳಿಯುತ್ತದೆ.

ಉಪಸಂಹಾರ

ಈ ಬಿ.ಎಡ್. ಮುಗಿದ ಮೇಲೆ ಶ್ರವಣದೋಷ ವಿಭಾಗದ ವಿಶೇಷ ಬಿ.ಎಡ್.ಗೆ ಅರ್ಜಿ ಹಾಕುವ ಯೋಚನೆ ನನಗಿದೆ. ಇನ್ನೆರಡು ವರ್ಷ ಓದು ಎಂದರೆ ಮನೆಯಲ್ಲಿ ಲೆಕ್ಕ ಕೇಳುತ್ತಾರೆ. ಸಂಬಳ ಶುರುವಾಗುವುದು ಅಷ್ಟು ತಡ. ಆ ನಿರ್ಧಾರ ಹೇಗೇ ಆದರೂ, ಯಾವ ಶಾಲೆಗೆ ಹೋದರೂ, ಮೊದಲ ದಿನ ಕೊನೆಯ ಬೆಂಚಿನಲ್ಲಿ ಕುಳಿತು ಆ ಕೊಠಡಿಯಲ್ಲಿ ಶಿಕ್ಷಕರ ಮಾತು ಎಷ್ಟು ಕೇಳುತ್ತದೆ ಎಂದು ನೋಡಲು ಯಾವ ನೋಂದಣಿಯೂ ಬೇಕಿಲ್ಲ. ಸಹಪಾಠಿ ಪ್ರಶಿಕ್ಷಣಾರ್ಥಿಗಳು ತಮ್ಮ ತರಗತಿಗಳಲ್ಲಿ ಉಕ್ತಲೇಖನದ ಈ ವಿಂಗಡಣೆಯನ್ನು ಮಾಡಿ ನೋಡಿ, ಕಂಡದ್ದನ್ನು ಇದೇ ಪತ್ರಿಕೆಯಲ್ಲಿ ಹಂಚಿಕೊಂಡರೆ ಕನ್ನಡದ ಬೇರೆ ಬೇರೆ ಪ್ರದೇಶಗಳ ಮಾತಿನ ರೂಪಗಳೂ ಒಂದೆಡೆ ದಾಖಲಾಗುತ್ತವೆ, ಮುಂದಿನ ತಂಡದವರಿಗೆ ಕೆಲಸ ಹಗುರವಾಗುತ್ತದೆ.